ಇದಿರು ಕುಳಿತವನ ಮಾತು

ಸಭೆಯಲ್ಲಿ ಮಾತನಾಡುವ ವಿದ್ಯೆಯನ್ನು ಎಲ್ಲಿ ಕಲಿತಿರೆಂದು ದಕ್ಷಿಣ ಕನ್ನಡದ ಹಿರಿಯ ತಲೆಮಾರಿನ ವಕೀಲರನ್ನೋ ಅಧ್ಯಾಪಕರನ್ನೋ ಪಂಚಾಯತಿಯ ಮುಖಂಡರನ್ನೋ ಕೇಳಿದರೆ, ಅವರಲ್ಲಿ ಬಹುಮಂದಿ ಕಾಲೇಜಿನ ಹೆಸರನ್ನಾಗಲಿ ಗ್ರಂಥದ ಹೆಸರನ್ನಾಗಲಿ ಹೇಳದೆ, ಮಳೆಗಾಲದ ರಾತ್ರಿಗಳಲ್ಲಿ ತಮ್ಮ ಊರಿನ ಯಾವುದೋ ಮನೆಯ ಚಾವಡಿಯಲ್ಲಿ ನಡೆಯುತ್ತಿದ್ದ ತಾಳಮದ್ದಳೆಯನ್ನು ನೆನೆಯುವರು. ನಾನೂ ಆ ಪಾಠಶಾಲೆಯಿಂದಲೇ ಹೊರಬಂದವನು. ಜೀವಮಾನದ ಬಹುಭಾಗವನ್ನು ಪ್ರೌಢಶಾಲೆಯ ಅಧ್ಯಾಪಕನಾಗಿ ಕಳೆದು, ಮಕ್ಕಳಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಟ್ಟು, ಲೆಕ್ಕವಿಲ್ಲದಷ್ಟು ಸಭೆಗಳಲ್ಲಿ ಕುಳಿತು ಕೇಳಿ, ಕೆಲವುಗಳಲ್ಲಿ ನಿಂತು ಮಾತನಾಡಿದ ಮೇಲೆಯೂ, ಒಳ್ಳೆಯ ವಾದವೆಂದರೆ ಯಾವುದು, ಕೇಳುವವರ ಮನಸ್ಸನ್ನು ನ್ಯಾಯವಾಗಿ ಗೆಲ್ಲುವುದು ಹೇಗೆ ಎಂಬ ವಿಷಯದಲ್ಲಿ ನಾನು ಬಲ್ಲುದರ ಮೂಲವೆಲ್ಲ ಅಲ್ಲಿಯೇ ಇದೆಯೆಂಬ ನಂಬಿಕೆ ನನ್ನಲ್ಲಿ ದೃಢವಾಗಿದೆ.

ತುಳುವರ ಬೇಶ ತಿಂಗಳ 10ನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಪತ್ತನಾಜೆ ಬಂದಿತೆಂದರೆ ನಮ್ಮ ಕಡೆಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುವು. ದೀಪಾವಳಿ ಕಳೆದು ಅವು ಮತ್ತೆ ತಿರುಗಾಟಕ್ಕೆ ಹೊರಡುವವರೆಗೆ ಬಯಲಿನಲ್ಲಿ ಆಟವಿಲ್ಲ. ಆ ನಡುವಣ ತಿಂಗಳುಗಳಲ್ಲಿ, ಹೊರಗೆ ಅಂಗಳದ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿರುವಾಗ, ಒಳಗೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಚಾಪೆ ಹಾಸಿ ಕೂಟ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರು ಜಾಗಟೆ ಹಿಡಿದು ಪ್ರಸಂಗದ ಪದ್ಯವನ್ನು ಹಾಡುವರು. ಚೆಂಡೆ ಮದ್ದಳೆಗಳು ಅನುಸರಿಸುವುವು. ಪದ್ಯ ಮುಗಿದೊಡನೆ ಉಟ್ಟ ಪಂಚೆಯಲ್ಲಿ, ಹೊದೆದ ಶಾಲಿನಲ್ಲಿ ಸುಮ್ಮನೆ ಕುಳಿತಿದ್ದ ಅರ್ಥಧಾರಿಯು ಆ ಪದ್ಯದ ಭಾವವನ್ನು ತನ್ನ ಸ್ವಂತ ಗದ್ಯದಲ್ಲಿ, ಅಲ್ಲಿಯೇ ಆಗಲೇ, ಪಾತ್ರವಾಗಿ ನಿಂತು ವಿಸ್ತರಿಸುವನು. ಬರೆದಿಟ್ಟ ಮಾತು ಒಂದೂ ಇಲ್ಲ. ಒಂದು ಮೊಳದ ದೂರದಲ್ಲಿ ಇದಿರು ಪಾತ್ರದ ಅರ್ಥಧಾರಿ ಕುಳಿತಿರುವನು. ಹೇಳಿದ ಮಾತಿನಲ್ಲಿ ಬಿರುಕಿದ್ದರೆ ಅವನು ಆ ಬಿರುಕಿಗೇ ಕೈಯಿಡುವನು. ಕೇಳಲು ಬಂದವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಪುರಾಣಗಳನ್ನೆಲ್ಲ ಕಿವಿಯಿಂದಲೇ ಬಲ್ಲವರು. ತಪ್ಪು ಆಧಾರ ಕೊಟ್ಟವನನ್ನು ಅವರು ಮರುದಿನ ಗದ್ದೆಯ ಹುಣಿಯ ಮೇಲೆ ನಿಲ್ಲಿಸಿ ಕೇಳಿಯಾರು.

ಈ ಕಲೆಯಲ್ಲಿ ಒಂದು ವಿಶೇಷವಿದೆ. ಅದರ ಮಹತ್ತ್ವ ನನಗೆ ಬಹುಕಾಲ ಸಂದ ಮೇಲೆ ಸ್ಪಷ್ಟವಾಯಿತು. ಕಥೆಯ ಅಂತ್ಯವನ್ನು ಪ್ರಸಂಗವು ಮೊದಲೇ ನಿಶ್ಚಯಿಸಿಬಿಟ್ಟಿರುತ್ತದೆ. ಕೌರವನು ಎಷ್ಟು ಚೆನ್ನಾಗಿ ವಾದಿಸಿದರೂ ಯುದ್ಧದಲ್ಲಿ ಸೋಲಲೇಬೇಕು. ರಾವಣನು ಯಾವ ಶಾಸ್ತ್ರವನ್ನು ಹೇಳಿದರೂ ಸಾಯಲೇಬೇಕು. ಗೆಲವು ಸೋಲುಗಳು ಹೀಗೆ ಮಾತಿನ ಕೈಯಿಂದ ತಪ್ಪಿಹೋದುದರಿಂದ, ಮಾತಿಗೆ ಉಳಿಯುವುದು ತಾನು ಸಯುಕ್ತಿಕವಾಗಿರುವ ಹೊಣೆಯೊಂದೇ. ಸೋಲಬೇಕಾದ ಪಕ್ಷಕ್ಕೂ ಅದಕ್ಕೆ ಸಲ್ಲಬೇಕಾದ ಶ್ರೇಷ್ಠವಾದ ವಾದವನ್ನು ಒದಗಿಸಿಕೊಡುವ ಈ ಧರ್ಮವನ್ನು ನಾನು ಬೇರೆ ಯಾವ ವೇದಿಕೆಯಲ್ಲಿಯೂ ಕಂಡಿಲ್ಲ.

ನನ್ನ ಸೋದರಮಾವನವರು ಹವ್ಯಾಸಿ ಅರ್ಥಧಾರಿಗಳಾಗಿದ್ದರು. ಹೆಸರು ಹತ್ತೂರಿಗೆ ಹಬ್ಬಿದವರಲ್ಲ. ತಮ್ಮ ತೋಟ, ಗದ್ದೆ, ಮನೆ ಎಂದಿದ್ದವರು. ಆದರೆ ಸುತ್ತಣ ನಾಲ್ಕಾರು ಗ್ರಾಮಗಳಲ್ಲಿ ಕೂಟವಾದರೆ ಅವರಿಗೊಂದು ಪಾತ್ರ ಇದ್ದೇ ಇರುತ್ತಿತ್ತು. ಬಾಲ್ಯದಲ್ಲಿ ಅವರ ಮನೆಯಲ್ಲಿದ್ದು ಓದಿದ ನಾನು ಅವರ ಕಂದೀಲನ್ನು ಹಿಡಿದು ಜತೆಗೆ ಹೋಗುವವನು. ಕೂಟದ ಮರುದಿನ ಅವರು ಅಡಕೆ ಸುಲಿಯುವ ಮೆಟ್ಟುಕತ್ತಿಯ ಮುಂದೆ ಕುಳಿತು, ಕೈಯ ಕೆಲಸ ನಿಲ್ಲಿಸದೆಯೇ, ಹಿಂದಿನ ರಾತ್ರಿಯ ಸಂವಾದವನ್ನು ನನ್ನ ಬಾಯಿಂದ ಹೇಳಿಸುತ್ತಿದ್ದರು. ಕೃಷ್ಣಸಂಧಾನದ ಕೂಟವಾಗಿದ್ದರೆ ನಾನು ಉತ್ಸಾಹದಿಂದ ಕೃಷ್ಣನ ಮಾತುಗಳನ್ನು ಒಪ್ಪಿಸತೊಡಗುವೆನು. ಅವರು ತಡೆಯುವರು. “ಅಳಿಯ, ಕೃಷ್ಣನ ಮಾತು ಆಮೇಲೆ. ಮೊದಲು ಕೌರವ ಏನು ಹೇಳಿದ, ಅದನ್ನು ಹೇಳು. ನೀನು ಹೇಳಿದ್ದನ್ನು ಕೇಳಿದರೆ ಕೌರವನೇ ‘ಅಹುದು, ನಾನು ಹೇಳಿದ್ದು ಇದನ್ನೇ’ ಎನ್ನಬೇಕು. ಹಾಗೆ ಹೇಳು.”

ಇದು ಸುಲಭವಾದ ಕೆಲಸವಾಗಿರಲಿಲ್ಲ. ಬಾಲಕನ ಮನಸ್ಸಿಗೆ ಕೌರವನು ದುಷ್ಟನು, ದುಷ್ಟನ ಮಾತೆಲ್ಲ ದುಷ್ಟವಾದುದು. ಅದನ್ನು ನೆನಪಿನಲ್ಲಿಟ್ಟುಕೊಳ್ಳುವ ಅಗತ್ಯವೇ ಕಾಣದು. ಮಾವನವರು ಬಿಡುತ್ತಿರಲಿಲ್ಲ. ಧೃತರಾಷ್ಟ್ರನು ಹಿರಿಯನು, ಅಂಧತ್ವವೊಂದೇ ಅವನಿಗೆ ರಾಜ್ಯವನ್ನು ತಪ್ಪಿಸಿದುದು. ಆ ಕುಂದು ಅವನ ಮಗನಿಗಿಲ್ಲದ ಮೇಲೆ ರಾಜ್ಯವು ಹಿರಿಯನ ಶಾಖೆಗೆ ಏಕೆ ಮರಳಬಾರದು? ದ್ಯೂತಕ್ಕೆ ಧರ್ಮರಾಯನು ಬಂದು ಕುಳಿತನು, ಪಣವನ್ನು ತನ್ನ ಬಾಯಿಂದಲೇ ಹೇಳಿದನು. ಸೋತವನು ಸೋತುದನ್ನು ಕೇಳುವ ನ್ಯಾಯ ಯಾವುದು? ಅಜ್ಞಾತವಾಸದ ವರ್ಷ ತುಂಬುವ ಮೊದಲೇ ಅರ್ಜುನನು ಗೋಗ್ರಹಣದಲ್ಲಿ ಕಾಣಿಸಿಕೊಂಡನಲ್ಲವೆ? ಇವು ಮೂರನ್ನೂ ಅವುಗಳ ಪೂರ್ಣವಾದ ಬಲದೊಡನೆ ಹೇಳಿ ಮುಗಿಸಿದ ಮೇಲೆ ಮಾತ್ರ ನನಗೆ ಕೃಷ್ಣನ ಪಕ್ಷವನ್ನು ಮುಟ್ಟುವ ಅಧಿಕಾರ ಬರುತ್ತಿತ್ತು. ಹಾಗೆ ಬಂದಾಗ ಆ ಪಕ್ಷದ ಸ್ವರೂಪವೇ ಬೇರೆಯಾಗಿ ಕಾಣುತ್ತಿತ್ತು. ಮೂರನೆಯ ಆಕ್ಷೇಪವನ್ನೇ ನೋಡಿರಿ. ಅದಕ್ಕೆ ಗರ್ಜನೆಯಿಂದಲೂ ಉತ್ತರ ಕೊಡಬಹುದು, ‘ಅಧರ್ಮಿಯೇ’ ಎಂಬ ಸಂಬೋಧನೆಯಿಂದಲೂ ಕೊಡಬಹುದು. ವಿರಾಟಪರ್ವದ ಭೀಷ್ಮನು ಕೊಡುವುದು ಲೆಕ್ಕವನ್ನು: ಪ್ರತಿ 5 ವರ್ಷಕ್ಕೆ 2 ಅಧಿಕ ಮಾಸಗಳು ಬರುವುವು, ಆ ಗಣನೆಯಂತೆ 13 ವರ್ಷಗಳಿಗೆ 5 ತಿಂಗಳು 12 ರಾತ್ರಿಗಳು ಹೆಚ್ಚಾದುವು, ಆದುದರಿಂದ ಪ್ರತಿಜ್ಞೆಯ ಕಾಲ ಮುಗಿದುದನ್ನು ತಿಳಿದೇ ಅರ್ಜುನನು ಹೊರಬಿದ್ದನು. ಕೌರವನ ಪಕ್ಷದಲ್ಲಿಯೇ ಕುಳಿತ ವೃದ್ಧನು, ಕೌರವನಿಗೆ ಅಪ್ರಿಯವಾದ ಸಂಖ್ಯೆಯನ್ನು, ಒಂದು ವಿಶೇಷಣವನ್ನೂ ಬೆರೆಸದೆ ಮುಂದಿಡುವ ಆ ಸನ್ನಿವೇಶ ನನ್ನ ಬಾಲ್ಯದಲ್ಲಿ ನೀರಸವೆನಿಸಿತ್ತು. ಈಗ ಮಹಾಭಾರತದ ಧೀರವಾದ ಮಾತುಗಳಲ್ಲಿ ಒಂದೆಂದು ಅದನ್ನು ಎಣಿಸುತ್ತೇನೆ.

ಮಾವನವರ ಮೆಚ್ಚಿನ ಪಾತ್ರ ವಾಲಿ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಬರುವ ಕೆಲವೇ ಪದ್ಯಗಳನ್ನು ಆಧಾರವಾಗಿಟ್ಟುಕೊಂಡು, ಬಾಣ ನಾಟಿ ನೆಲಕ್ಕೊರಗಿದ ವಾಲಿಗೂ ಮರೆಯಿಂದ ಹೊರಬಂದ ರಾಮನಿಗೂ ಗಂಟೆಗಟ್ಟಲೆ ಸಂವಾದವನ್ನು ಬೆಳೆಸುವುದು ನಮ್ಮ ಅರ್ಥಧಾರಿಗಳ ಪದ್ಧತಿ. ಆ ವಾದದ ಬೇರುಗಳು ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17 ಮತ್ತು 18ನೆಯ ಸರ್ಗಗಳಲ್ಲಿವೆ. ವಾಲಿಯು ಕೇಳುತ್ತಾನೆ: ನಿನ್ನ ದೇಶದಲ್ಲಾಗಲಿ ನಗರದಲ್ಲಾಗಲಿ ನಾನು ಯಾವ ಕೇಡನ್ನೂ ಮಾಡಿದವನಲ್ಲ, ಇನ್ನೊಬ್ಬನೊಡನೆ ಯುದ್ಧದಲ್ಲಿ ತೊಡಗಿದ್ದವನನ್ನು, ನಿನ್ನತ್ತ ನೋಡದಿದ್ದವನನ್ನು ಏಕೆ ಹೊಡೆದೆ? ನಾವು ಫಲಮೂಲಗಳನ್ನು ತಿಂದು ಬದುಕುವ ಕಾಡಿನ ಕಪಿಗಳು. ನಮ್ಮ ಚರ್ಮ ಸತ್ಪುರುಷರ ಉಪಯೋಗಕ್ಕೆ ಬಾರದು. ಐದುಗುರಿನ ಪ್ರಾಣಿಗಳಲ್ಲಿ ತಿನ್ನಲು ಯೋಗ್ಯವಾದುವು ಐದೇ, ಅವುಗಳಲ್ಲಿ ಕಪಿಯಿಲ್ಲ. ಸೀತೆಗಾಗಿಯೇ ನಿನಗೆ ಈ ಸಖ್ಯ ಬೇಕಾಗಿದ್ದರೆ ನನ್ನನ್ನು ಕೇಳಿದ್ದರೆ ಸಾಕಾಗಿತ್ತು. ಒಂದೇ ದಿನದಲ್ಲಿ ಅವಳನ್ನು ತಂದೊಪ್ಪಿಸುತ್ತಿದ್ದೆನು. ರಾಮನ ಉತ್ತರವೂ ಬಲವಾದುದೇ: ಪರ್ವತವನಗಳೊಡನೆ ಈ ಭೂಮಿ ಇಕ್ಷ್ವಾಕುಗಳದು, ಭರತನ ಆಜ್ಞೆಯಂತೆ ನಾವು ಧರ್ಮವನ್ನು ಕಾಯುತ್ತ ಸಂಚರಿಸುತ್ತಿರುವೆವು, ತಮ್ಮನು ಜೀವಂತನಿರುವಾಗಲೇ ಅವನ ಹೆಂಡತಿಯಾದ ರುಮೆಯನ್ನು ನೀನು ಇಟ್ಟುಕೊಂಡೆ, ಆ ಅಪರಾಧಕ್ಕೆ ವಧೆಯೇ ದಂಡನೆ, ಸುಗ್ರೀವನಿಗೆ ನಾನು ಮಾತು ಕೊಟ್ಟಿದ್ದೇನೆ, ಅಲ್ಲದೆ ಮೃಗಗಳನ್ನು ಬಲೆಯೊಡ್ಡಿಯೋ ಮರೆಯಲ್ಲಿ ನಿಂತೋ ಬೇಟೆಯಾಡುವುದುಂಟು, ನೀನು ಶಾಖಾಮೃಗ.

ಇದನ್ನು ಬಹಳ ಸಲ ಕೇಳಿದ ಮೇಲೆ, ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, ರಾಮನ ಉತ್ತರದಲ್ಲಿ ಎರಡು ಮಾತುಗಳು ಒಂದಕ್ಕೊಂದು ಕೂಡಿಬರುವುದಿಲ್ಲವೆಂದು ನನಗೆ ಹೊಳೆಯಿತು. ವಾಲಿಯು ಮೃಗವಾಗಿದ್ದರೆ ತಮ್ಮನ ಹೆಂಡತಿಯ ವಿಷಯದ ಧರ್ಮ ಅವನಿಗೆ ಅನ್ವಯಿಸದು; ಆ ಧರ್ಮ ಅನ್ವಯಿಸುವಷ್ಟು ಅವನು ಮನುಷ್ಯನಿಗೆ ಸಮಾನನಾಗಿದ್ದರೆ ಬೇಟೆಯ ನ್ಯಾಯ ನಿಲ್ಲದು. ದೊಡ್ಡದೊಂದನ್ನು ಕಂಡುಹಿಡಿದವನಂತೆ ಮಾವನವರಿಗೆ ಇದನ್ನು ನಿವೇದಿಸಿದೆನು. ಅವರು ಸಂತೋಷಪಟ್ಟರು, ಆದರೆ ಅಲ್ಲಿಗೆ ನಿಲ್ಲಗೊಡಲಿಲ್ಲ. “ವಾಲಿಯ ಮಾತನ್ನೂ ಅದೇ ಒರೆಗಲ್ಲಿಗೆ ಹಚ್ಚಿ ನೋಡು” ಎಂದರು. ನೋಡಿದೆನು. ತಾನು ಕಾಡಿನ ಕಪಿ, ತನ್ನ ಮಾಂಸಚರ್ಮಗಳಿಂದ ಪ್ರಯೋಜನವಿಲ್ಲವೆಂದು ಹೇಳುವಾಗ ಅವನು ಮೃಗದ ರಕ್ಷಣೆಯನ್ನು ಬೇಡುತ್ತಾನೆ. ಇದಿರು ನಿಂತು ಹೊಡೆಯಬೇಕಾಗಿತ್ತೆನ್ನುವಾಗ ಕ್ಷತ್ರಿಯನ ಹಕ್ಕನ್ನು ಕೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಅದೇ ಬಿರುಕು! ಒಲಿದ ಪಕ್ಷದ ದೋಷ ಕಣ್ಣಿಗೆ ಬೀಳದೆ ಇದಿರು ಪಕ್ಷದ ದೋಷ ಮಾತ್ರ ಬೀಳುವುದು ಬುದ್ಧಿಯ ಸ್ವಭಾವವೆಂಬುದನ್ನು ಯಾವ ತರ್ಕಗ್ರಂಥವೂ ನನಗೆ ಅಷ್ಟು ಚೆನ್ನಾಗಿ ತೋರಿಸಿಕೊಟ್ಟಿಲ್ಲ.

ಅದಕ್ಕಿಂತ ದೊಡ್ಡ ಪಾಠ ವಾಲಿಯ ಒಪ್ಪಿಗೆಯಲ್ಲಿತ್ತು. ಕೊನೆಗೆ ವಾಲಿಯು ರಾಮನ ಮಾತಿಗೆ ಸಮ್ಮತಿಸಿ, ಅಂಗದನನ್ನು ಒಪ್ಪಿಸಿ, ಪ್ರಾಣಬಿಡಬೇಕು. ಪ್ರಸಂಗದ ವಿಧಿಯೇ ಹಾಗೆ. ಬಹುಮಂದಿ ಅರ್ಥಧಾರಿಗಳು ಇಲ್ಲಿ ಭಕ್ತಿಯನ್ನು ತರುತ್ತಿದ್ದರು; ರಾಮನು ಸಾಕ್ಷಾತ್ ನಾರಾಯಣನೆಂದು ಅರಿತೊಡನೆ ಪ್ರಶ್ನೆಗಳೆಲ್ಲ ಕರಗಿಹೋಗುತ್ತಿದ್ದುವು. ಅದು ಪರಂಪರೆಗೆ ಸಮ್ಮತವಾದ ದಾರಿ. ಚೆನ್ನಾಗಿ ನಡೆದಾಗ ಕೇಳುವವರ ಕಣ್ಣಿನಲ್ಲಿ ನೀರು ತರುವ ದಾರಿಯೂ ಅಹುದು. ಮಾವನವರು ಹಿಡಿದದ್ದು ಬೇರೆ. ಒಂದು ಕೂಟದಲ್ಲಿ ಅವರ ವಾಲಿಯು ರುಮೆಯ ಮಾತಿಗೆ ಪ್ರತಿಯಾಗಿ, ಸುಗ್ರೀವನೂ ತಾರೆಯನ್ನು ಪಡೆದಿದ್ದನಲ್ಲವೆ, ಅವನಿಗೇಕೆ ದಂಡನೆಯಿಲ್ಲವೆಂದು ಕೇಳಿದನು. ರಾಮನ ಅರ್ಥ ಹೇಳುತ್ತಿದ್ದವರು ಪ್ರಾಯದಲ್ಲಿ ಕಿರಿಯರು, ಅವರು ತಟಕ್ಕನೆ, “ಬಿಲದ ಬಾಯಲ್ಲಿ ನಿಂತು ನೆತ್ತರು ಕಂಡವನು ಅಣ್ಣ ಸತ್ತನೆಂದು ನಂಬಿದ್ದನು, ತಮ್ಮ ಬದುಕಿರುವನೆಂದು ನೀನು ಬಲ್ಲವನಾಗಿದ್ದೆ” ಎಂದರು. ಮಾವನವರು ಮಾತನಾಡಲಿಲ್ಲ. ಭಾಗವತರ ಕೈ ಜಾಗಟೆಯ ಮೇಲೆ ತಡೆದು ನಿಂತಿತು. ಕೆಲವು ಕ್ಷಣಗಳ ಮೇಲೆ, ಸ್ವರವನ್ನು ಏರಿಸದೆ, ವಾಲಿಯಾಗಿಯೇ ಹೇಳಿದರು: “ರಾಘವ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈ ಒಂದು ಮಾತಿನಿಂದ ನಾನು ದಂಡಾರ್ಹನಾದೆ.” ಮರೆಯ ಬಾಣದ ಪ್ರಶ್ನೆಯನ್ನು ಅವರು ಮತ್ತೆ ಎತ್ತಲೂ ಇಲ್ಲ, ಅದಕ್ಕೆ ಉತ್ತರ ದೊರೆತಂತೆ ನಟಿಸಲೂ ಇಲ್ಲ. ದಾರಿಯಲ್ಲಿ ಬರುತ್ತ ನಾನು ಕೇಳಿದೆನು: “ಮಾವ, ಬಾಣದ ಮಾತನ್ನು ಏಕೆ ಬಿಟ್ಟುಬಿಟ್ಟಿರಿ?” ಅವರೆಂದರು: “ಒಂದು ಮಾತು ಸಿದ್ಧವಾಯಿತು, ಒಪ್ಪಿದೆ. ಇನ್ನೊಂದು ಸಿದ್ಧವಾಗಲಿಲ್ಲ, ಒಪ್ಪಲಿಲ್ಲ. ವಾಲಿಗೆ ಸಾಯಲಿಕ್ಕೆ ಒಂದು ಸಾಲದೇ?”

ಸಿದ್ಧವಾದುದಷ್ಟನ್ನೇ ಒಪ್ಪುವುದು, ಅದನ್ನು ಸಭೆಯ ನಡುವೆ, ಬಾಯಿಬಿಟ್ಟು, ಯಾವ ಮುನಿಸೂ ಇಲ್ಲದೆ ಒಪ್ಪುವುದು: ಇದನ್ನು ನಾನು ಕಂಡ ಪ್ರಖ್ಯಾತರಾದ ಭಾಷಣಕಾರರಲ್ಲಿ ಎಷ್ಟೊಂದು ಮಂದಿ ಕಲಿತೇ ಇರಲಿಲ್ಲ! ಒಪ್ಪಿಸುವ ಕಲೆಯ ವಿಷಯವಾಗಿ ಪುಸ್ತಕಗಳಿವೆ, ಉಪನ್ಯಾಸಗಳಿವೆ, ತರಗತಿಗಳಿವೆ. ಒಪ್ಪಿಕೊಳ್ಳುವ ಕಲೆಯಿಲ್ಲದ ಸಮಾಜದಲ್ಲಿ ಅವೆಲ್ಲ ಯಾರ ಮೇಲೆ ಪ್ರಯೋಗವಾಗಬೇಕು?

ಮುಂದೆ ದೊಡ್ಡ ಕೂಟಗಳಲ್ಲಿ ದೊಡ್ಡವರನ್ನು ಕೇಳುವ ಭಾಗ್ಯ ಒದಗಿತು. ಹರಿಕಥೆಯಲ್ಲಿಯೂ ಕೀರ್ತಿ ಪಡೆದಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧರನ್ನು ಕೇಳಿದವರಿಗೆ ತರ್ಕವು ಒಣಗಿದ ವಸ್ತುವೆಂಬ ಭ್ರಮೆ ಉಳಿಯದು; ಒಂದು ಪ್ರಶ್ನೆಯ ಮೇಲೆ ಇನ್ನೊಂದನ್ನು ಕಟ್ಟುತ್ತ, ಇದಿರಿನವರು ಕೊಟ್ಟ ಉತ್ತರವನ್ನೇ ಮುಂದಿನ ಪ್ರಶ್ನೆಗೆ ಆಧಾರವಾಗಿ ಮಾಡಿಕೊಳ್ಳುವ ಅವರ ಕ್ರಮ ನ್ಯಾಯಾಲಯದಲ್ಲಿಯೂ ದುರ್ಲಭವಾದುದು. ಮಲ್ಪೆ ಶಂಕರನಾರಾಯಣ ಸಾಮಗರದು ಸಂಸ್ಕೃತದ ಸಂಪತ್ತಿನಿಂದ ತುಂಬಿದ, ತಡೆಯಿಲ್ಲದ ವಾಗ್ಧಾರೆ. ದೇರಾಜೆ ಸೀತಾರಾಮಯ್ಯನವರ ಮಾರ್ಗ ಮತ್ತೊಂದು: ಮಾತು ಮಿತ, ಸ್ವರ ಮೆಲು, ಕೇಳುವವನು ತಾನಾಗಿಯೇ ಮುಂದಕ್ಕೆ ಬಾಗಬೇಕು. ‘ಕುರುಕ್ಷೇತ್ರಕ್ಕೊಂದು ಆಯೋಗ’ವೆಂಬ ಗ್ರಂಥವನ್ನೇ ಬರೆದ ಅವರ ಮನೋಧರ್ಮವು, ತೀರ್ಪು ಕೊಡುವ ಮೊದಲು ಎಲ್ಲರ ಹೇಳಿಕೆಯನ್ನೂ ಕೇಳಬೇಕೆಂಬ ನನ್ನ ಮಾವನವರ ಮನೋಧರ್ಮಕ್ಕೆ ಹತ್ತಿರವಾದುದು, ಮೂವರಲ್ಲಿ ನನ್ನ ಹೃದಯ ಒಲಿದದ್ದು ಅವರಿಗೇ ಎಂದು ಹೇಳಿದರೆ ಉಳಿದಿಬ್ಬರ ಅಭಿಮಾನಿಗಳು ಮುನಿಯಲಾರರೆಂದು ನಂಬಿದ್ದೇನೆ.

ಕಾಲೇಜಿನಲ್ಲಿ ಸಂಸ್ಕೃತವನ್ನು ಐಚ್ಛಿಕವಾಗಿ ಓದಿದಾಗ ಗೌತಮನ ನ್ಯಾಯಸೂತ್ರಗಳ ಪರಿಚಯವಾಯಿತು. ಚಾವಡಿಯಲ್ಲಿ ಹೆಸರಿಲ್ಲದೆ ಕಂಡ ವಸ್ತುಗಳಿಗೆಲ್ಲ ಅಲ್ಲಿ ಹೆಸರುಗಳು ಸಿಕ್ಕಿದುವು. ತತ್ತ್ವನಿರ್ಣಯಕ್ಕಾಗಿ ಆಡುವ ಮಾತು ವಾದ; ಜಯಕ್ಕಾಗಿ, ಛಲ ಮುಂತಾದ ಉಪಾಯಗಳಿಂದಲೂ ಆಡುವುದು ಜಲ್ಪ; ತನ್ನದೆಂಬ ಪಕ್ಷವೇ ಇಲ್ಲದೆ ಇದಿರಿನದನ್ನು ಕೆಡವುವುದಷ್ಟೇ ಉದ್ದೇಶವಾದುದು ವಿತಂಡ. ಕೊನೆಯವೆರಡನ್ನು ಸೂತ್ರಕಾರನು ಸಂಪೂರ್ಣವಾಗಿ ತ್ಯಜಿಸಲಿಲ್ಲ. ಮೊಳಕೆಯನ್ನು ಕಾಯಲು ಮುಳ್ಳಿನ ಬೇಲಿಯಿರುವಂತೆ ತತ್ತ್ವದ ರಕ್ಷಣೆಗೆ ಅವುಗಳಿರಲಿ ಎಂದನು. ಬೇಲಿಯೇ ಬೆಳೆಯೆಂದು ಬಗೆದವರನ್ನು ನಾನು ಕೂಟಗಳಲ್ಲಿಯೂ ಕಂಡಿದ್ದೇನೆ. ಇದಿರಿನವರು ಒಂದು ಅರ್ಥದಲ್ಲಿ ಬಳಸಿದ ಶಬ್ದವನ್ನು ಇನ್ನೊಂದು ಅರ್ಥಕ್ಕೆ ತಿರುಗಿಸಿ ನಗೆಯೆಬ್ಬಿಸುವುದು, ಪಾತ್ರವನ್ನು ಬಿಟ್ಟು ಪಾತ್ರಧಾರಿಯ ಉಚ್ಚಾರಣೆಯನ್ನು ಹಳಿಯುವುದು, ಯಾರೂ ಕೇಳದ ಶ್ಲೋಕವೊಂದನ್ನು ಆಧಾರವೆಂದು ಎಸೆದು ಮುಂದಕ್ಕೆ ಹೋಗುವುದು: ಇಂತಹವಕ್ಕೆ ಚಪ್ಪಾಳೆ ಬೀಳುತ್ತಿದ್ದುದೂ ಉಂಟು. ಸಭಾಪರ್ವದಲ್ಲಿ ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ಸುಮ್ಮನಾದಾಗ ವಿಕರ್ಣನು ಎದ್ದು, ತನ್ನನ್ನೇ ಮೊದಲು ಸೋತವನು ಅವಳನ್ನು ಪಣವಿಟ್ಟುದು ಸಲ್ಲದೆಂದು ಕ್ರಮವಾಗಿ ಹೇತುಗಳನ್ನು ಕೊಟ್ಟನಷ್ಟೆ. ಅದಕ್ಕೆ ಕರ್ಣನು ಕೊಟ್ಟ ಉತ್ತರದಲ್ಲಿ ಮೊದಲು ಬರುವುದು, ನೀನು ಬಾಲಕನು, ಹಿರಿಯರ ನಡುವೆ ಮಾತನಾಡುವವನೇ ಎಂಬ ಹೀಯಾಳಿಕೆ. ಹೇಳಿದವನ ಪ್ರಾಯದಿಂದ ಹೇತುವಿನ ಬಲ ಕುಗ್ಗದು. ಆ ಸಭೆಯಲ್ಲಿ ಇದನ್ನು ಯಾರಾದರೂ ಎತ್ತಿ ಹೇಳಿದ್ದರೆ ಎಂದು ನನಗೆ ಇಂದಿಗೂ ಎದೆ ನೋಯುತ್ತದೆ.

ವಾದದಲ್ಲಿ ಸೋತನೆಂದು ತೀರ್ಮಾನಿಸಬೇಕಾದ ಸ್ಥಾನಗಳು 22 ಎಂದು ನ್ಯಾಯಸೂತ್ರ ಎಣಿಸುತ್ತದೆ. ನಿಗ್ರಹಸ್ಥಾನಗಳೆಂದು ಅವುಗಳ ಹೆಸರು. ಅವುಗಳಲ್ಲೊಂದನ್ನು ಓದಿದ ದಿನ ನಾನು ಪುಸ್ತಕವನ್ನು ಮಡಚಿಟ್ಟು ಮಾವನವರಿಗೆ ಕಾಗದ ಬರೆದೆನು. ಅದು ಅನನುಭಾಷಣ: ಇದಿರಿನವನು ಮೂರು ಸಲ ಹೇಳಿದ, ಪರಿಷತ್ತಿಗೆ ತಿಳಿದ ಮಾತನ್ನು ತಿರುಗಿ ಹೇಳಲಾರದವನು ಸೋತನು. ಮೆಟ್ಟುಕತ್ತಿಯ ಮುಂದೆ ನಾನು ಒಪ್ಪಿಸುತ್ತಿದ್ದ ಕೌರವನ ಪಾಠವೇ ಅದು! ಅವರ ಕಾಗದ ಬಂದಿತು. ತೋಟಕ್ಕೆ ಕೊಳೆರೋಗ ಬಂದುದನ್ನೂ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡದಿರುವುದನ್ನೂ ಬರೆದು, ಕೊನೆಯಲ್ಲಿ, ಗೌತಮರಿಗೆ ತಮ್ಮ ನಮಸ್ಕಾರ ತಿಳಿಸೆಂದು ಸೇರಿಸಿದ್ದರು.

ಭಾವಕ್ಕೂ ಸ್ವರಕ್ಕೂ ಸಭೆಯಲ್ಲಿ ಸ್ಥಾನವಿಲ್ಲವೆಂದು ನಾನು ಹೇಳುವವನಲ್ಲ. ಕಿಷ್ಕಿಂಧಾಕಾಂಡದಲ್ಲಿಯೇ, ಭಿಕ್ಷುವಿನ ರೂಪದಲ್ಲಿ ಬಂದ ಹನುಮಂತನ ಮೊದಲ ಮಾತುಗಳನ್ನು ಕೇಳಿ ರಾಮನು ಲಕ್ಷ್ಮಣನೊಡನೆ ಮಾಡುವ ಪ್ರಶಂಸೆಯಲ್ಲಿ ವ್ಯಾಕರಣಶುದ್ಧಿಯ ಜತೆಗೆ, ಮುಖದಲ್ಲಾಗಲಿ ಕಣ್ಣು ಹುಬ್ಬುಗಳಲ್ಲಾಗಲಿ ದೋಷ ಕಾಣದಿದ್ದುದು, ಮಾತು ಅತಿಯಾಗಿ ಬೆಳೆಯದೆ, ಸಂದಿಗ್ಧವಾಗದೆ, ತಡವರಿಸದೆ ಮಧ್ಯಮ ಸ್ವರದಲ್ಲಿ ಬಂದುದು, ಹೃದಯಕ್ಕೆ ಹರ್ಷವನ್ನು ತಂದುದು, ಎಲ್ಲವೂ ಸೇರಿವೆ. ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ದ್ರೌಪದಿಯು ಬಿಚ್ಚಿದ ಮುಡಿಯನ್ನು ತೋರಿಸುವಾಗ ಅವಳು ಬುದ್ಧಿಯನ್ನು ಮರೆಸಲು ಕಣ್ಣೀರನ್ನು ತರುತ್ತಿಲ್ಲ. ನಡೆದುದಕ್ಕೆ ಆ ಮುಡಿಯೇ ಸಾಕ್ಷ್ಯ, ಸಂಧಿಯ ಲೆಕ್ಕದಲ್ಲಿ ಎಲ್ಲರೂ ಬಿಟ್ಟುಬಿಟ್ಟ ಬಾಕಿಯನ್ನು ಅವಳು ಮುಂದಿಡುತ್ತಿದ್ದಾಳೆ. ಸತ್ಯವಾದ ವಸ್ತುವಿನಿಂದ ಹುಟ್ಟಿದ ಭಾವವು ವಾದದ ಅಂಗವೇ. ವಸ್ತುವಿಲ್ಲದೆಡೆಯಲ್ಲಿ ಭಾವವನ್ನು ಹುಟ್ಟಿಸಿ, ಅದನ್ನು ವಸ್ತುವಿನ ಸ್ಥಾನದಲ್ಲಿ ಕುಳ್ಳಿರಿಸುವುದನ್ನು ಮಾತ್ರ ನಾನು ಮೋಸವೆಂದು ಕರೆಯುತ್ತೇನೆ.

ಆ ಮೋಸಕ್ಕೆ ಧ್ವನಿವರ್ಧಕ ಬಂದ ಮೇಲೆ ಸೌಕರ್ಯ ಹೆಚ್ಚಾಯಿತು. 1952ರ ಮಹಾಚುನಾವಣೆಯ ಅನಂತರ ಪೇಟೆಯ ಮೈದಾನಗಳಲ್ಲಿ ಸಾರ್ವಜನಿಕ ಭಾಷಣಗಳು ಬೆಳೆದಂತೆಲ್ಲ ನಾನು ಗಮನಿಸಿದ್ದು ಇದು: ಆ ವೇದಿಕೆಗಳಲ್ಲಿ ಇದಿರು ಕುಳಿತವನಿಲ್ಲ. ಒಂದು ಪಕ್ಷದವರು ಇಂದು ಬಂದು ಹೇಳಿಹೋಗುವರು, ಇನ್ನೊಂದು ಪಕ್ಷದವರು ನಾಳೆ ಅದೇ ಮೈದಾನಕ್ಕೆ ಬಂದು ಹೇಳಿಹೋಗುವರು. ಒಬ್ಬನ ಹೇತುವನ್ನು ಇನ್ನೊಬ್ಬನ ಪ್ರಶ್ನೆ ಮುಟ್ಟುವುದೇ ಇಲ್ಲ. ಲೆಕ್ಕ ಕೇಳಿದರೆ, ನೀವು ಇದ್ದಾಗ ಕೊಟ್ಟಿದ್ದಿರೇ ಎಂಬುದೇ ಉತ್ತರ. ತನ್ನ ದೋಷವನ್ನು ಪರಿಹರಿಸದೆ ಅದೇ ದೋಷವನ್ನು ಇದಿರಿನವನ ಮೇಲೆ ಹೊರಿಸುವುದಕ್ಕೆ ಗೌತಮನು ಮತಾನುಜ್ಞೆಯೆಂದು ಹೆಸರಿಟ್ಟು, ಅದನ್ನೂ ನಿಗ್ರಹಸ್ಥಾನಗಳಲ್ಲಿ ಸೇರಿಸಿ, ಹಾಗೆ ಹೇಳಿದವನು ಆರೋಪವನ್ನು ಒಪ್ಪಿಕೊಂಡಂತೆಯೇ ಎಂದು ತೀರ್ಮಾನಿಸಿದ್ದಾನೆ. ನಮ್ಮ ಮೈದಾನಗಳಲ್ಲಿ ಅದಕ್ಕೆ ಬೀಳುವಷ್ಟು ಚಪ್ಪಾಳೆ ಬೇರೆ ಯಾವ ಮಾತಿಗೂ ಬೀಳುತ್ತಿರಲಿಲ್ಲ.

ಶಾಲೆಯ ಚರ್ಚಾಸ್ಪರ್ಧೆಗಳ ಸ್ಥಿತಿಯೂ ಉತ್ತಮವಾಗಿರಲಿಲ್ಲ. ಗ್ರಾಮಜೀವನ ಮೇಲೋ ನಗರಜೀವನ ಮೇಲೋ ಎಂಬ ವಿಷಯ; ಪರವಾಗಿ ಒಬ್ಬ, ವಿರೋಧವಾಗಿ ಒಬ್ಬ; ಮಾಸ್ತರರು ಬರೆದುಕೊಟ್ಟುದನ್ನು ಬಾಯಿಪಾಠ ಮಾಡಿ, ಗಂಟೆ ಬಾರಿಸುವುದರೊಳಗೆ ಒಪ್ಪಿಸಿ ಕುಳಿತುಕೊಳ್ಳುವುದು. ಅದರಲ್ಲಿ ಚರ್ಚೆಯೆಲ್ಲಿ? ನನ್ನ ಕೈಗೆ ಆ ಹೊಣೆ ಬಂದಾಗ ನಾನೊಂದು ನಿಯಮ ಮಾಡಿದೆನು: ಎರಡನೆಯ ವಾಗ್ಮಿಯು ಮೊದಲನೆಯವನ ಮುಖ್ಯವಾದ ಹೇತುವನ್ನು ತನ್ನ ಮಾತಿನಲ್ಲಿ ಹೇಳಬೇಕು, ಮೊದಲನೆಯವನು ‘ಅಹುದು’ ಎಂದ ಮೇಲೆಯೇ ಇವನ ಸಮಯ ಆರಂಭ. ಮೊದಮೊದಲು ಮಕ್ಕಳು ಚಡಪಡಿಸಿದರು. ಬಾಯಿಪಾಠವೆಲ್ಲ ನಿಷ್ಪ್ರಯೋಜಕವಾಯಿತೆಂದು ಅವರಿಗೆ ದುಃಖ. ಎರಡು ವರ್ಷಗಳಲ್ಲಿ ಅವರ ಕಿವಿ ಸೂಕ್ಷ್ಮವಾಯಿತು. ಒಬ್ಬಳು ಹುಡುಗಿ, ಇದಿರಿನವನು ‘ಅಹುದು’ ಎಂದ ಮೇಲೆ ಸ್ವಲ್ಪ ಯೋಚಿಸಿ, “ಸರ್, ಇವನು ಹೇಳಿದ್ದರಲ್ಲಿ ಮೊದಲನೆಯದಕ್ಕೆ ನನ್ನ ವಿರೋಧವಿಲ್ಲ; ಎರಡನೆಯದಕ್ಕೆ ಮಾತ್ರ ಮಾತನಾಡುತ್ತೇನೆ” ಎಂದಳು. ಮಾವನವರು ಅದನ್ನು ಕೇಳಲು ಇರಬೇಕಾಗಿತ್ತು. ಅಂತರಶಾಲಾ ಸ್ಪರ್ಧೆಗಳ ತೀರ್ಪುಗಾರರು ಈ ಪದ್ಧತಿಗೆ ಅಂಕ ಕೊಡುತ್ತಿರಲಿಲ್ಲ. ಇದಿರಿನವರ ಪಕ್ಷವನ್ನು ಹೊಗಳಿದರೆಂದು ಕಳೆಯುತ್ತಿದ್ದುದೇ ಹೆಚ್ಚು. ನಾನು ಪದ್ಧತಿಯನ್ನು ಬಿಡಲಿಲ್ಲ, ಮಕ್ಕಳೂ ಬಿಡಲಿಲ್ಲ.

ನಾನು ಕೇಳಿದ ಸಾರ್ವಜನಿಕ ವಾದಗಳಲ್ಲಿ ಎಲ್ಲಕ್ಕಿಂತ ಸರ್ವಾಂಗಸುಂದರವಾದುದು ಯಾವುದೆಂದು ಕೇಳಿದರೆ, ನಮ್ಮ ಶಾಲೆಯಿದ್ದ ಗ್ರಾಮದ ಒಂದು ಪಂಚಾಯತಿ ಸಭೆಯಲ್ಲಿ ನಡೆದುದನ್ನು ಹೇಳುತ್ತೇನೆ. ಊರಿಗೆ ಬಂದಿದ್ದ ಹಣ ಒಂದೇ ಕೆಲಸಕ್ಕೆ ಸಾಕಾಗುವಷ್ಟು. ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುವವರಿಗೆ ತಂಗುದಾಣ ಕಟ್ಟಿಸಬೇಕೆಂದು ಒಂದು ಪಕ್ಷ. ತೋಡಿಗೆ ಅಡ್ಡಲಾಗಿದ್ದ ಅಡಕೆಮರದ ಸಂಕವನ್ನು ತೆಗೆದು ಕಲ್ಲುಗಾರೆಯ ಕಾಲುಸಂಕ ಕಟ್ಟಿಸಬೇಕೆಂದು ಇನ್ನೊಂದು. ಮೊದಲನೆಯದಕ್ಕೆ ಮುಖಂಡರು ರಸ್ತೆಯ ಬದಿಯ ಅಂಗಡಿಯವರು. ಸ್ವತಃ ಅರ್ಥ ಹೇಳುತ್ತಿದ್ದವರು, ಕಂಠ ಚೆನ್ನಾಗಿತ್ತು, ಹೇತುವೂ ಗಟ್ಟಿಯಾಗಿತ್ತು: ಬಸ್ಸು ಇಡೀ ಗ್ರಾಮಕ್ಕೆ ಬೇಕು, ಸಂಕ ಬೇಕಾದುದು ತೋಡಿನ ಆಚೆಯ ಕೆಲವೇ ಮನೆಗಳಿಗೆ. ಹೆಚ್ಚು ಮಂದಿಗೆ ಉಪಕಾರವಾಗುವುದೇ ಮೊದಲಾಗಲಿ. ಸಭೆ ತಲೆದೂಗಿತು. ಆಗ ತೋಡಿನಾಚೆಯ ಒಬ್ಬ ವೃದ್ಧ ಕೃಷಿಕರು ಎದ್ದು ನಿಂತರು. ಮಾತು ತುಳುವಿನಲ್ಲಿ; ನಿಧಾನ; ನಡುನಡುವೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. ಅವರ ಮೊದಲ ಮಾತು, “ಬಸ್ಸಿಗೆ ಕಾಯುವವರು ಹೆಚ್ಚು, ಸಂಕ ದಾಟುವವರು ಕಡಿಮೆ. ನೀವು ಹೇಳಿದ್ದು ನಿಜ, ನಾನು ಅದನ್ನು ಒಪ್ಪಿದೆ” ಎಂಬುದು. ಅನಂತರ ನನ್ನ ಕಡೆ ತಿರುಗಿ, ತಮ್ಮ ಕಡೆಯ ಮಕ್ಕಳ ಹಾಜರಿಯನ್ನು ಓದಿ ಹೇಳಬೇಕೆಂದು ಕೇಳಿದರು. ಅದಕ್ಕಾಗಿ ಮೊದಲೇ ತಿಳಿಸಿದ್ದುದರಿಂದ ನಾನು ಪುಸ್ತಕವನ್ನು ತಂದಿದ್ದೆನು. ಕಾರ್ತೆಲಿನಿಂದ ಸೋಣದವರೆಗಿನ ಮಳೆಗಾಲದ ಪುಟಗಳಲ್ಲಿ ಆ ಮಕ್ಕಳ ಹೆಸರುಗಳ ಮುಂದೆ ಬಂದ ಗುರುತುಗಳಿಗಿಂತ ಬಾರದ ಗುರುತುಗಳೇ ಹೆಚ್ಚು. ಓದಿ ಮುಗಿಸಿದೆನು. ವೃದ್ಧರು ಅಂಗಡಿಯವರನ್ನು ನೋಡಿ ಹೇಳಿದರು: “ಶೆಟ್ರೇ, ಮಳೆ ಬಂದರೆ ಬಸ್ಸಿಗೆ ಕಾಯುವವರು ನಿಮ್ಮ ಅಂಗಡಿಯ ಜಗಲಿಯಲ್ಲಿ ನಿಲ್ಲುತ್ತಾರೆ. ಇಷ್ಟು ವರ್ಷಗಳಲ್ಲಿ ನೀವು ಒಬ್ಬರನ್ನೂ ‘ಇಳಿಯಿರಿ’ ಎಂದವರಲ್ಲ. ಅದು ಊರಿಗೆಲ್ಲ ಗೊತ್ತು. ತೋಡು ತುಂಬಿದ ದಿನ ನಮ್ಮ ಮಕ್ಕಳಿಗೆ ನಿಲ್ಲಲಿಕ್ಕೆ ನೀರಿನ ಮೇಲೆ ಜಗಲಿ ಇಲ್ಲ.”

ಇದಿರಿನವರ ಹೇತುವನ್ನು ಸಂಪೂರ್ಣವಾಗಿ ಒಪ್ಪಿ, ಸಂಖ್ಯೆಯ ಪ್ರಶ್ನೆಯನ್ನು ಬೇರೆ ದಾರಿ ಉಂಟೇ ಇಲ್ಲವೇ ಎಂಬ ಪ್ರಶ್ನೆಯಾಗಿ ಮಾರ್ಪಡಿಸಿ, ಅದಕ್ಕೆ ಇದಿರಿನವರ ಔದಾರ್ಯವನ್ನೇ ಪ್ರಮಾಣವಾಗಿ ತಂದ ಆ ಯುಕ್ತಿಯನ್ನು ನೆನೆದಾಗಲೆಲ್ಲ ನನಗೆ ರೋಮಾಂಚವಾಗುತ್ತದೆ. ಅದರಲ್ಲಿ ಒಂದು ಸುಳ್ಳಿಲ್ಲ, ಒಂದು ಉತ್ಪ್ರೇಕ್ಷೆಯಿಲ್ಲ. ಮುಖಸ್ತುತಿಯಂತೆ ಕೇಳಿಸುವ ಮಾತೂ ಊರಿಗೆಲ್ಲ ಗೊತ್ತಿದ್ದ ಸಂಗತಿ.

ಅಂಗಡಿಯವರು ಕುಳಿತಲ್ಲಿಂದ ಎದ್ದರು. “ಈ ವರ್ಷ ಸಂಕ ಆಗಲಿ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ” ಎಂದರು. ಅವರ ಪಕ್ಷದ ಯುವಕರಲ್ಲಿ ಒಬ್ಬಿಬ್ಬರು ಗೊಣಗಿದರು. ಅವರು ಕೈಯೆತ್ತಿ ತಡೆದರು. ಅಧ್ಯಕ್ಷರು ನಿರ್ಣಯವನ್ನು ಬರೆಸಿದರು. ಆದರೆ ಸಭೆ ಅಲ್ಲಿಗೆ ಮುಗಿಯಲಿಲ್ಲ. ಮಕ್ಕಳು ದಾಟುವ ಸಂಕವಾದುದರಿಂದ ಎರಡು ಬದಿಗೂ ಕೈತಾಂಗು ಇರಲೇಬೇಕೆಂದು ಅಂಗಡಿಯವರು ಈಗ ಪಟ್ಟು ಹಿಡಿದರು; ಎರಡು ಬದಿಗೂ ಇಟ್ಟರೆ ಸೊಪ್ಪಿನ ಹೊರೆ ಹೊತ್ತವರು ಹೋಗುವುದು ಹೇಗೆ, ಒಂದೇ ಬದಿಗೆ ಸಾಕೆಂದು ವೃದ್ಧರು ಮತ್ತೆ ಎದ್ದು ನಿಂತರು. ಅಧ್ಯಕ್ಷರು ಇಬ್ಬರಿಗೂ ಸಾವಕಾಶವಾಗಿ ಹೇಳಲು ಬಿಟ್ಟು, ಬರೆಯುವವನಿಗೆ ಪುಸ್ತಕವನ್ನು ಮುಚ್ಚದಿರಲು ಸನ್ನೆ ಮಾಡಿದರು.